ಕಣ್ಣಂದಾಜು ಬಿಟ್ಟ ಮೇಲೆ

ಆ ರಾತ್ರಿ ಹೆರಿಗೆ ಸಲೀಸಾಗಿಯೇ ಆಗಿತ್ತು. ಎರಡನೇ ಹೆರಿಗೆ, ಗಂಡು ಮಗು, ಜೋರಾಗಿ ಅತ್ತಿತು. ಕಸವೂ (ಮಾಸು) ಪೂರ್ತಿ ಬಿತ್ತು. ಕೈ ತೊಳೆದುಕೊಂಡು ಕೇಸ್ ಶೀಟ್ ತುಂಬಲು ಕೂತೆ. ರಕ್ತಸ್ರಾವದ ಕಾಲಂ ಬಂದಾಗ ಸಿಸ್ಟರ್‌ಗೆ ಕೇಳಿದೆ, ಎಷ್ಟು ಹೋಗಿರಬಹುದು ಅಂತ.

"ಜಾಸ್ತಿ ಏನಿಲ್ರಿ ಮೇಡಂ, ಇನ್ನೂರು ಅಂತ ಬರೀರಿ."

ನಾನೂ ಮೂಲೆಯಲ್ಲಿದ್ದ ಟಬ್ಬಿನ ಒದ್ದೆ ಬಟ್ಟೆಗಳನ್ನು ನೋಡಿದೆ. ನನಗೂ ಅಷ್ಟೇ ಅನ್ನಿಸಿತು. 200 ಮಿಲಿ ಅಂತ ಬರೆದೆ.

ಮುಕ್ಕಾಲು ತಾಸು ಆಗಿತ್ತೋ ಏನೋ, ಬಾಣಂತಿಯ ಅತ್ತೆ ಬಾಗಿಲಿಗೆ ಬಂದರು. "ಡಾಕ್ಟರವ್ವಾ, ಸೊಸಿ ಯಾಕೋ ಭಾಳ ಬೆವರ್ಲಿಕ್ಕತ್ತಾಳ್ರೀ. ಕರದ್ರ ಮಾತಾಡವಲ್ಲಳು." ಓಡಿದೆ. ನಾಡಿ 130. ಬಿಗಿದು ಗಟ್ಟಿಯಾಗಿರಬೇಕಾದ ಗರ್ಭಕೋಶ ಮೆತ್ತಗೆ, ಹಿಟ್ಟಿನ ಮುದ್ದೆ ಮುಟ್ಟಿದ ಹಾಗೆ. ಪ್ಯಾಡ್ ಎತ್ತಿದರೆ ಹೆಪ್ಪುಗಟ್ಟಿದ ರಕ್ತ. ಮಸಾಜ್, ಗರ್ಭಕೋಶ ಬಿಗಿಯಲು ಆಕ್ಸಿಟೋಸಿನ್, ಡ್ರಿಪ್ ಎಲ್ಲ ಮಾಡುತ್ತಲೇ 108ಕ್ಕೆ ಫೋನ್ ಮಾಡಿಸಿದೆ. ನಮ್ಮದು ಯಾದಗಿರಿ ಜಿಲ್ಲೆಯ, ಕೃಷ್ಣೆಯ ಕಡೆಯ ಒಂದು ಸಮುದಾಯ ಆರೋಗ್ಯ ಕೇಂದ್ರ. ಇಲ್ಲಿಂದ ಕಲಬುರಗಿ ಮುಟ್ಟಲು ಎರಡು ತಾಸು ಬೇಕು. ದಾರಿಯುದ್ದಕ್ಕೂ ಸಿಸ್ಟರ್ ಅವಳ ಹೊಟ್ಟೆಯ ಮೇಲಿಂದ ಕೈ ತೆಗೆಯಲಿಲ್ಲ. ಅಲ್ಲಿ ನಾಲ್ಕು ಬಾಟಲಿ ರಕ್ತ ಹಾಕಿದರು. ಬದುಕಿದಳು.

ಬೆಳಿಗ್ಗೆ ವಾಪಸ್ ಬಂದರೆ ಹೆರಿಗೆ ಕೋಣೆಯ ಟಬ್ಬು ಇನ್ನೂ ಹಾಗೇ ಇತ್ತು. ಗ್ಲೌಸ್ ಹಾಕಿಕೊಂಡು, ಸ್ಟೋರಿನ ಎಲೆಕ್ಟ್ರಾನಿಕ್ ತಕ್ಕಡಿ ತರಿಸಿ, ಪ್ಲಾಸ್ಟಿಕ್ ಹಾಸಿ ಆ ಬಟ್ಟೆಗಳನ್ನು ಒಂದೊಂದಾಗಿ ತೂಗಿದೆ. ಅಷ್ಟೇ ಒಣ ಬಟ್ಟೆಗಳನ್ನೂ ತೂಗಿ ಕಳೆದೆ. ರಕ್ತದ ಒಂದು ಗ್ರಾಂ ಅಂದರೆ ಸುಮಾರು ಒಂದು ಮಿಲಿ. ಲೆಕ್ಕ 620ಕ್ಕೆ ಬಂತು. ಗರ್ಭದ ನೀರು ಸ್ವಲ್ಪ ಸೇರಿರಬಹುದು, ಒಪ್ಪುತ್ತೇನೆ. ಆದರೂ ನಾನು ಬರೆದದ್ದು 200. ಅವಳು ಬೆವರುವ ತನಕ ಯಾರೂ ಗಾಬರಿಯಾಗದೆ ಇದ್ದದ್ದಕ್ಕೆ ಆ 200 ಕಾರಣ.

ಹೊಸ ಸಂಶೋಧನೆ ಓದುವ ಅಭ್ಯಾಸ ನನಗೆ ಮೊದಲಿಂದ ಇದೆ. ರಾತ್ರಿ ಡ್ಯೂಟಿಯಲ್ಲಿ ಮೊಬೈಲಿನಲ್ಲೇ ಓದುತ್ತೇನೆ. ಆದರೆ ಆವರೆಗೆ ಹುಡುಕುತ್ತಿದ್ದದ್ದು ಹೊಸ ಔಷಧಿ, ಹೊಸ ಡೋಸು. ಆವತ್ತಿನಿಂದ ಓದುವ ರೀತಿಯೇ ಬದಲಾಯಿತು. ನಾವು ಕಣ್ಣಂದಾಜಿನಲ್ಲಿ ಮಾಡುವ ಯಾವ ಕೆಲಸವನ್ನು ಯಾರಾದರೂ ಅಳೆದು ನೋಡಿದ್ದಾರೆ ಅಂತ ಹುಡುಕತೊಡಗಿದೆ.

ಮೊದಲು ಸಿಕ್ಕಿದ್ದು ನಮ್ಮದೇ ರಾಜ್ಯದ್ದು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಮತ್ತು ಅವರ ಜೊತೆಗಾರರು ಅಳತೆ ಗೆರೆ ಹಾಕಿದ ಒಂದು ಪ್ಲಾಸ್ಟಿಕ್ ಡ್ರೇಪ್ ಮಾಡಿದ್ದರು. ಹೆರಿಗೆಯಾದ ಕೂಡಲೇ ಅದನ್ನು ಬಾಣಂತಿಯ ಕೆಳಗೆ ಹಾಸಿ ಸೊಂಟಕ್ಕೆ ಕಟ್ಟುತ್ತಾರೆ. ಕೆಳಗೆ ಜೋತುಬಿದ್ದ ಚೀಲದಲ್ಲಿ ರಕ್ತ ಸೇರುತ್ತದೆ, ಗೆರೆ ನೋಡಿ ಓದಬಹುದು. 2006ರಲ್ಲಿ ಅವರು ಹೋಲಿಸಿ ತೋರಿಸಿದ್ದರು: ಡ್ರೇಪಿನ ಅಳತೆಗಿಂತ ಕಣ್ಣಂದಾಜು ಶೇಕಡಾ 33ರಷ್ಟು ಕಡಿಮೆ. ನಮ್ಮದೇ ರಾಜ್ಯದಲ್ಲಿ ಇದು ಗೊತ್ತಾಗಿ ಇಷ್ಟು ವರ್ಷ ಆಗಿದ್ದರೂ ನಾನು ಓದಿರಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ಇ-ಮೋಟಿವ್ ಅನ್ನುವ ಅಧ್ಯಯನ ಓದಿದೆ. 2023ರಲ್ಲಿ ಬಂದದ್ದು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ ಸುಮಾರು 80 ಆಸ್ಪತ್ರೆ, ಎರಡು ಲಕ್ಷಕ್ಕೂ ಜಾಸ್ತಿ ಹೆರಿಗೆ. ಅಲ್ಲಿ ಹೊಸ ಔಷಧಿ ಒಂದೂ ಇಲ್ಲ. ಡ್ರೇಪಿನಿಂದ ಅಳೆಯುವುದು. ಗೆರೆ ಮುಟ್ಟಿದ ಕೂಡಲೇ ಮಸಾಜ್, ಆಕ್ಸಿಟೋಸಿನ್, ರಕ್ತ ನಿಲ್ಲಲು ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಪರೀಕ್ಷೆ ಎಲ್ಲ ಒಟ್ಟಿಗೆ ಶುರು ಮಾಡುವುದು. ಒಂದು ಮಾಡಿ, ಕಾದು ನೋಡಿ, ಇನ್ನೊಂದು ಮಾಡುವುದಲ್ಲ. ಇಷ್ಟರಿಂದಲೇ ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು ಅಥವಾ ಸಾವು, ಇವು ಸೇರಿ ಶೇಕಡಾ 60ರಷ್ಟು ಇಳಿದವು. ರಕ್ತಸ್ರಾವವನ್ನು ಗುರುತಿಸುವುದು ಶೇಕಡಾ 51ರಿಂದ 93ಕ್ಕೆ ಏರಿತು. ನನ್ನ ಮಟ್ಟಿಗೆ ಈ ಎರಡನೇ ಲೆಕ್ಕವೇ ದೊಡ್ಡದು. ಹಳೆಯ ರೀತಿಯಲ್ಲಿ ಅರ್ಧದಷ್ಟು ತಾಯಂದಿರ ರಕ್ತಸ್ರಾವ ಗೊತ್ತೇ ಆಗುತ್ತಿರಲಿಲ್ಲ ಅಂತ ತಾನೇ ಅದರ ಅರ್ಥ?

ನಮ್ಮಲ್ಲಿ ಡ್ರೇಪ್ ಇರಲಿಲ್ಲ. ನಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ದುಡ್ಡಿನಲ್ಲಿ ತರಿಸಲು ಬರೆದುಕೊಟ್ಟೆ. ಬರುವ ತನಕ ತೂಗುವುದೇ ದಾರಿ. ಎಲ್ಲ ಬಟ್ಟೆಯನ್ನೂ ಒಂದೇ ಅಳತೆಗೆ ಕತ್ತರಿಸಿ, ಒಣ ತೂಕವನ್ನು ಗೋಡೆಗೆ ಅಂಟಿಸಿದೆವು. ರಾತ್ರಿ ಹೊತ್ತಿನಲ್ಲಿ ತೂಗಿ ಕಳೆಯುವುದು ಬೇಸರದ ಕೆಲಸ, ಸಿಸ್ಟರ್‌ಗಳು ಗೊಣಗಿದ್ದು ಸಹಜ. ಆದರೆ ಒಬ್ಬೊಬ್ಬರೂ ಮೊದಲು ಅಂದಾಜು ಹೇಳಿ, ಆಮೇಲೆ ತೂಗಬೇಕು ಅಂತ ಮಾಡಿದ್ದು ಒಳ್ಳೆಯದಾಯಿತು. ಹತ್ತು ಹೆರಿಗೆ ಆಗುವಷ್ಟರಲ್ಲಿ ಯಾರಿಗೂ ನಾನು ತಿಳಿಸಿ ಹೇಳಬೇಕಾಗಲಿಲ್ಲ.

ಡ್ರೇಪ್ ಬಂದ ಮೇಲೆ ಕಲಿತದ್ದು ಕೆಲವು. ಮಗು ಹೊರಗೆ ಬಂದು, ಗರ್ಭದ ನೀರು ಹರಿದು ಹೋದ ಮೇಲೆಯೇ ಹಾಸಬೇಕು, ಇಲ್ಲದಿದ್ದರೆ ನೀರೂ ರಕ್ತದ ಲೆಕ್ಕಕ್ಕೆ ಸೇರುತ್ತದೆ. ಚೀಲ ಮಂಚದ ಅಂಚಿನಿಂದ ಕೆಳಗೆ ನೇರವಾಗಿ ಜೋತಿರಬೇಕು, ಮಡಿಚಿಕೊಂಡರೆ ಗೆರೆ ಸುಳ್ಳು ಹೇಳುತ್ತದೆ. ಮೊದಲ ಒಂದು ತಾಸು 15 ನಿಮಿಷಕ್ಕೊಮ್ಮೆ ಓದಿ, ಗರ್ಭಕೋಶ ಮುಟ್ಟಿ, ನಾಡಿ ನೋಡಿ ಬರೆಯಬೇಕು. 300ರ ಗೆರೆಗೆ ಕೆಂಪು ಟೇಪ್ ಅಂಟಿಸುತ್ತೇವೆ. 300 ಮುಟ್ಟಿ ನಾಡಿ 100 ದಾಟಿದರೆ ನನಗೆ ಕಾಯಬೇಡಿ, ಶುರು ಮಾಡಿ ಅಂತ ಹೇಳಿದ್ದೇನೆ. 2025ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳಿತು: 300 ಮಿಲಿ ಜೊತೆಗೆ ನಾಡಿ ಅಥವಾ ಬಿಪಿ ಏರುಪೇರಾದರೆ, ಅತಿ ರಕ್ತಸ್ರಾವ ಅಂತ ಮೊದಲಿಂದ ಲೆಕ್ಕ ಹಿಡಿಯುವ 500ರ ತನಕ ಕಾಯಬಾರದು ಅಂತ.

ಬೇಕಾದದ್ದೆಲ್ಲ ಒಂದೇ ಡಬ್ಬಿಯಲ್ಲಿದೆ. ಕ್ಯಾನುಲಾ, ಡ್ರಿಪ್ ಸೆಟ್, ಮೂತ್ರದ ಕ್ಯಾಥೆಟರ್, ಟ್ರಾನೆಕ್ಸಾಮಿಕ್ ಆಸಿಡ್‌ನ 500 ಮಿಲಿಗ್ರಾಂನ ಎರಡು ಆಂಪೂಲ್. ಆಕ್ಸಿಟೋಸಿನ್ ಮಾತ್ರ ಡಬ್ಬಿಯಲ್ಲಿಡುವ ಹಾಗಿಲ್ಲ. ಅದಕ್ಕೆ 2ರಿಂದ 8 ಡಿಗ್ರಿ ತಂಪು ಬೇಕು, ನಮ್ಮಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ದಾಟುತ್ತದೆ. ಹಾಗಾಗಿ ಡಬ್ಬಿಯ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ "ಆಕ್ಸಿಟೋಸಿನ್ ಫ್ರಿಜ್‌ನಲ್ಲಿದೆ" ಅಂತ ಬರೆದಿದೆ.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಕ್ವಾರ್ಟರ್ಸಿಗೆ ಫೋನ್ ಬಂತು. "ಮೇಡಂ, ಮುನ್ನೂರೈವತ್ತು ಆಗ್ಯಾದ್ರಿ, ನಾಡಿ ನೂರಾ ಹತ್ತು. ಎಲ್ಲಾ ಶುರು ಮಾಡೀನ್ರಿ, ನೀವು ಬರ್ರಿ." ನಾನು ಹೋಗುವಷ್ಟರಲ್ಲಿ ಗರ್ಭಕೋಶ ಗಟ್ಟಿಯಾಗಿತ್ತು. ಕಲಬುರಗಿಗೆ ಕಳಿಸುವ ಪ್ರಸಂಗ ಬರಲಿಲ್ಲ. ಫೋನ್ ಮಾಡಿದವರು ಅದೇ ಸಿಸ್ಟರ್, ಇನ್ನೂರು ಅಂತ ಬರೀರಿ ಅಂದವರು.

ಬಿಪಿಯ ವಿಷಯ ಇಷ್ಟು ಕಷ್ಟದ್ದಲ್ಲ, ಆದರೆ ದಿನಾ ಮಾಡುವ ತಪ್ಪು. ನಮ್ಮ ಓಪಿಡಿಯಲ್ಲಿ ಜನ ಸ್ಟೂಲಿನ ಮೇಲೆ ಕೂತು, ಕೈ ತೊಡೆಯ ಮೇಲಿಟ್ಟುಕೊಂಡು ಬಿಪಿ ನೋಡಿಸಿಕೊಳ್ಳುತ್ತಿದ್ದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು 2024ರಲ್ಲಿ 133 ಜನರನ್ನು ಪರೀಕ್ಷಿಸಿದರು. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಇದ್ದಾಗಿನ ಅಳತೆಗೆ ಹೋಲಿಸಿದರೆ, ತೊಡೆಯ ಮೇಲಿದ್ದಾಗ ಮೇಲಿನ ಬಿಪಿ ಸುಮಾರು 4 ಜಾಸ್ತಿ, ಪಕ್ಕಕ್ಕೆ ಜೋತುಬಿಟ್ಟಾಗ 6.5 ಜಾಸ್ತಿ. ಅದೇ ಕಡೆಯವರು 2023ರಲ್ಲಿ ಕಫ್, ಅಂದರೆ ತೋಳಿಗೆ ಸುತ್ತುವ ಪಟ್ಟಿಯ ಬಗ್ಗೆಯೂ ನೋಡಿದ್ದರು. ಬಹಳ ದಪ್ಪ ತೋಳಿಗೆ ಮಾಮೂಲಿ ಕಫ್ ಕಟ್ಟಿದರೆ ಹತ್ತಿರ ಹತ್ತಿರ 20 ಜಾಸ್ತಿ ತೋರಿಸುತ್ತದೆ. ಸಣ್ಣ ತೋಳಿಗೆ ಅದೇ ಕಫ್ ಕಟ್ಟಿದರೆ ಸುಮಾರು 4 ಕಡಿಮೆ. ಹತ್ತಿ ಬಿಡಿಸಿ, ಬಿಸಿಲಲ್ಲಿ ಕಳೆ ತೆಗೆದು ತೋಳು ಒಣಗಿದ ನಮ್ಮ ಹೆಣ್ಣುಮಕ್ಕಳಿಗೆ ಈ ಕೊನೆಯ ಮಾತು ಮುಖ್ಯ.

ಊರಿನ ಬಡಿಗೇರರಿಗೆ ಹೇಳಿ ಒಂದು ಮೇಜು ಮಾಡಿಸಿದೆ. ಕೂತವರ ಮೊಣಕೈ ಇಟ್ಟರೆ ಕಫ್ ಎದೆಯ ಮಟ್ಟಕ್ಕೆ ಬರುವ ಹಾಗೆ. ಮೂರು ಅಳತೆಯ ಕಫ್, ತೋಳು ಸುತ್ತಿ ನೋಡಲು ಒಂದು ಟೇಲರ್ ಟೇಪು. ಬೆನ್ನಿಗೆ ಒರಗುವ ಕುರ್ಚಿ ಎರಡು. ಸುಮ್ನೆ ಐದು ನಿಮಿಷ ಕೂತು, ಮಾತಾಡದೆ ಇದ್ದ ಮೇಲೆಯೇ ನೋಡುವುದು. 150 ಜನ ಕಾಯುವ ಸೋಮವಾರ ಇದು ಆಗುತ್ತಾ ಅಂತ ಕೇಳುತ್ತಾರೆ. ಎಲ್ಲರಿಗೂ ಆಗುವುದಿಲ್ಲ. ಮೊದಲ ಸಲ 140 ದಾಟಿದವರಿಗೆ ಮಾತ್ರ ಮೇಜಿನ ಹತ್ತಿರ ಎರಡನೇ ಸಲ ನೋಡುತ್ತೇವೆ. ಜೀವನಪೂರ್ತಿ ನುಂಗುವ ಗುಳಿಗೆ ಬರೆಯುವ ಮೊದಲು ಐದು ನಿಮಿಷ ಕೊಡಲೇಬೇಕು ಅನ್ನುವುದು ನನ್ನ ಹಟ.

ಹಿಮೋಗ್ಲೋಬಿನ್ ಕೆಲಸ ನಮ್ಮ ಲ್ಯಾಬ್ ಟೆಕ್ನಿಷಿಯನ್ ಅಣ್ಣ ತಾವೇ ಹಿಡಿದರು. ಹಳೆಯ ಸಾಹ್ಲಿ ಟ್ಯೂಬಿನಲ್ಲಿ ಕಂದು ಬಣ್ಣವನ್ನು ಕಣ್ಣಲ್ಲೇ ಹೊಂದಿಸಿ ನೋಡುವುದಿತ್ತು. ಬೆರಳು ಚುಚ್ಚಿ ಹಿಂಡಿದರೆ ಮಾಂಸದ ನೀರೂ ಸೇರಿ ರಕ್ತ ತೆಳುವಾಗುತ್ತದೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತನಾಳದಿಂದ ತೆಗೆದ ರಕ್ತವನ್ನು ಮಷೀನಿನಲ್ಲೇ ನೋಡಿ ಅಂದಿತು. ನಮ್ಮಲ್ಲಿ ಮಷೀನ್ ಇತ್ತು, ಬಸುರಿಯರ ರಕ್ತ ಅದಕ್ಕೆ ಹೋಗುತ್ತಿರಲಿಲ್ಲ ಅಷ್ಟೇ. ಈಗ ಹೋಗುತ್ತದೆ.

ಕ್ಷಯದ ವಿಷಯ ನನಗೆ ಎಲ್ಲಕ್ಕಿಂತ ಹತ್ತಿರದ್ದು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ತಂಡ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ಮಾಡಿದ ರೇಷನ್ಸ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. 2,800 ರೋಗಿಗಳು, ಅವರ ಮನೆಯ 10,345 ಜನ. ರೋಗಿಗಳಿಗೆಲ್ಲ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಕೊಟ್ಟರು. ಅರ್ಧದಷ್ಟು ಕಡೆ ಮನೆಯವರಿಗೂ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ರೋಗಿಗಳಲ್ಲಿ, ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡಾ 5 ಏರಿದವರು ಸಾಯುವ ಅಪಾಯ ಶೇಕಡಾ 61ರಷ್ಟು ಕಡಿಮೆ ಇತ್ತು.

ಶೇಕಡಾ 5 ಅಂದರೆ 40 ಕಿಲೋದವರಿಗೆ 2 ಕಿಲೋ. ಆದರೆ ನಮ್ಮ ತೂಕದ ಯಂತ್ರ 2 ಕಿಲೋ ಹಿಡಿಯುವಷ್ಟು ಸರಿ ಇತ್ತಾ? ಅಂಗಡಿಯಿಂದ ಸೀಲ್ ಇದ್ದ 25 ಕಿಲೋ ಅಕ್ಕಿ ಚೀಲ ತಂದು ಇಟ್ಟೆವು. 27 ತೋರಿಸಿತು! ಕಾರ್ಡುಗಳಲ್ಲಿ ಬರೆದ ತೂಕದ ಮೇಲೆ ನನಗೆ ನಂಬಿಕೆಯೇ ಹೋಯಿತು. ಹೊಸ ಡಿಜಿಟಲ್ ಯಂತ್ರ ತಂದೆವು. ಪ್ರತಿ ತಿಂಗಳ ಮೊದಲನೇ ದಿನ ಅಕ್ಕಿ ಚೀಲದಿಂದ ಪರೀಕ್ಷೆ.

ಗುಳೆ ಹೋಗಿ ಮುಂಬೈಯಿಂದ ಕೆಮ್ಮುತ್ತಾ ವಾಪಸ್ ಬಂದ ಒಬ್ಬರು ಇದ್ದರು. ತೂಕ 38.2. ಅವರ ಕಾರ್ಡಿನ ಮೇಲೆ ದೊಡ್ಡದಾಗಿ 40.1 ಅಂತ ಬರೆದುಕೊಟ್ಟೆ, ಎರಡು ತಿಂಗಳಿಗೆ ಇಷ್ಟಾಗಬೇಕು ಅಂತ. ಕ್ಷಯ ರೋಗಿಗಳ ಆಹಾರಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 500 ಇದ್ದದ್ದು 1,000 ಆಗಿದೆ. ಅದರಲ್ಲಿ ಏನೇನು ತರಬೇಕು ಅಂತ ಅವರ ಹೆಂಡತಿಯ ಜೊತೆ ಕೂತು ಲೆಕ್ಕ ಹಾಕಿದೆವು: ಮೊಟ್ಟೆ, ಶೇಂಗಾ, ಎಣ್ಣೆ. ಬೇಳೆ ಮನೆಯಲ್ಲಿದೆಯಲ್ಲ, ನಿಮ್ಮದು ತೊಗರಿ ಹೊಲ ಅಲ್ವಾ ಅಂದೆ. "ತೊಗರಿ ಎಲ್ಲಾ ಮಾರೇವ್ರಿ ಮೇಡಂ, ಸಾಲ ಇತ್ತು. ರೊಟ್ಟಿ, ಖಾರ ಅಷ್ಟೇ ಉಣ್ಣದು" ಅಂದರು. ತೊಗರಿಗೆ ಹೆಸರಾದ ಸೀಮೆಯಲ್ಲಿ ಬೇಳೆಯಿಲ್ಲದ ಮನೆ. ನಿಕ್ಷಯ್ ಮಿತ್ರ ಅಂತ ಕ್ಷಯ ರೋಗಿಗಳಿಗೆ ಆಹಾರದ ಕಿಟ್ ದಾನ ಕೊಡುವವರೊಬ್ಬರನ್ನು ಹಿಡಿದು ಆ ಮನೆಗೆ ಬೇಳೆ ಸೇರಿಸಿದೆವು.

ಎರಡು ತಿಂಗಳಿಗೆ ಅವರು ಚಪ್ಪಲಿ ಬಿಟ್ಟು, ಜೇಬಿನ ಮೊಬೈಲ್ ತೆಗೆದಿಟ್ಟು ಯಂತ್ರ ಹತ್ತಿದರು. 40.6. ಇಳಿದು ಮತ್ತೊಮ್ಮೆ ಹತ್ತಿ ನೋಡಿದರು. ಹೆಂಡತಿ ಪಕ್ಕದಲ್ಲೇ ನಿಂತಿದ್ದರು, ಸೆರಗು ಸರಿಪಡಿಸಿಕೊಂಡು "ನಂದೂ ಒಮ್ಮಿ ನೋಡ್ರಿ" ಅಂದರು. 34.8. ಅವರ ಹೆಸರಿಗೂ ಆವತ್ತೇ ಒಂದು ಕಾರ್ಡ್ ಮಾಡಿದೆ. ಬರುವ ಸೋಮವಾರ ಇಬ್ಬರು ಮಕ್ಕಳನ್ನೂ ಕರಕೊಂಡು ಬರಲು ಹೇಳಿದ್ದೇನೆ.