1965ರ ಇಂಪಾಲ: ಎಂಜಿನ್‌ಗಿಂತ ಮೊದಲು ಬ್ರೇಕ್

1965ರಲ್ಲಿ ಶೆವ್ರೊಲೆ ಇಂಪಾಲದ ಮಾರಾಟ ಅಮೆರಿಕದಲ್ಲಿ ಹತ್ತು ಲಕ್ಷ ದಾಟಿತು. 1958ರಿಂದ ಇದ್ದ ಎಕ್ಸ್ ಆಕಾರದ ಚಾಸಿ ಹೋಗಿ ಅಂಚುಗಳ ಸುತ್ತ ಹೋಗುವ ಚೌಕಟ್ಟು ಬಂದದ್ದೂ ಅದೇ ಮಾದರಿಯಲ್ಲಿ. 213 ಇಂಚು ಉದ್ದ, ಒಂದೂವರೆ ಟನ್ ಮೀರಿದ ತೂಕ. ಇದನ್ನು ನಿಲ್ಲಿಸಲು ನಾಲ್ಕು 11 ಇಂಚಿನ ಡ್ರಮ್ ಬ್ರೇಕ್, ಪೆಡಲ್ ತುಳಿದಾಗ ಚಕ್ರಗಳಿಗೆ ಬ್ರೇಕ್ ಆಯಿಲ್ ತಳ್ಳಲು ಒಂದೇ ಕೊಠಡಿಯ ಮಾಸ್ಟರ್ ಸಿಲಿಂಡರ್. ಎಲ್ಲೇ ಒಂದು ಹೋಸ್ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ. ಪವರ್‌ಗ್ಲೈಡ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಎರಡೇ ಗೇರ್, ಇಳಿಜಾರಿನಲ್ಲಿ ಎಂಜಿನ್ ಹಿಡಿತವನ್ನೂ ನಂಬುವಂತಿಲ್ಲ. ಹಾಗಾಗಿ ನನ್ನ ಇಂಪಾಲದ ದುರಸ್ತಿಯಲ್ಲಿ 283 ವಿ8 ಎಂಜಿನ್‌ಗೆ ಕೈ ಹಾಕುವ ಮೊದಲು ಬ್ರೇಕ್ ಮುಗಿಸಿದೆ.

ಡ್ರಮ್ ತೆಗೆದು ಡಿಸ್ಕ್ ಬ್ರೇಕ್ ಹಾಕಲಿಲ್ಲ. ಕೆಲವು ಡಿಸ್ಕ್ ಕಿಟ್‌ಗಳಿಗೆ ಮೂಲದ 14 ಇಂಚಿನ ರಿಮ್ ಕೂರುವುದಿಲ್ಲ. ಸರಿಯಾಗಿ ಹೊಂದಿಸಿದ ಡ್ರಮ್ ಸಾಮಾನ್ಯ ಓಡಾಟಕ್ಕೆ ಧಾರಾಳ ಸಾಕು. ಬದಲಿಸಲೇಬೇಕಾದದ್ದು ಮಾಸ್ಟರ್ ಸಿಲಿಂಡರ್. 1967ರ ಮಾದರಿಯ, ನಾಲ್ಕೂ ಡ್ರಮ್ ಇರುವ ಗಾಡಿಯ ಎರಡು ಕೊಠಡಿಯದ್ದನ್ನು (ಮುಂಚಕ್ರಗಳಿಗೊಂದು, ಹಿಂಚಕ್ರಗಳಿಗೊಂದು) ತಂದೆ. ಕೊಳ್ಳುವಾಗ ಪಿಸ್ಟನ್ನಿನ ಗುಳಿ ನೋಡಿ: ಬೂಸ್ಟರ್ (ಪೆಡಲ್ ಒತ್ತಡ ಹೆಚ್ಚಿಸುವ ಸಾಧನ) ಇಲ್ಲದ ಗಾಡಿಗೆ ಆಳದ ಗುಳಿಯದ್ದೇ ಬೇಕು, ಇಲ್ಲವಾದರೆ ಪೆಡಲ್ ರಾಡ್ ಜಾರಿ ಈಚೆ ಬರಬಹುದು. ಹಳೆಯ ಹಿತ್ತಾಳೆ ಜಂಕ್ಷನ್ನಿನಿಂದ ಹಿಂಬದಿಯ ಪೈಪ್ ಬಿಚ್ಚಿ, ಆ ತೂತಿಗೆ ಪ್ಲಗ್ ಹಾಕಿ, ಹಿಂಬದಿಗೆ ಬೇರೆಯೇ ಪೈಪ್ ಎಳೆದೆ. ತಾಮ್ರ-ನಿಕ್ಕಲ್ ಪೈಪ್ ಕೈಯಲ್ಲೇ ಬಾಗುತ್ತದೆ, ತುಕ್ಕೂ ಹಿಡಿಯದು. ತುದಿಗೆ ಡಬಲ್ ಫ್ಲೇರ್ (ಎರಡು ಪದರವಾಗಿ ಮಡಿಸಿ ಅಗಲಿಸಿದ ಬಾಯಿ) ಕಡ್ಡಾಯ, ಸಿಂಗಲ್ ಫ್ಲೇರ್ ಸೀಳುತ್ತದೆ. ಹೊಸ ಸಿಲಿಂಡರನ್ನು ವೈಸ್‌ಗೆ ಕಚ್ಚಿಸಿ ಮೊದಲು ಅಲ್ಲೇ ಗಾಳಿ ತೆಗೆಯಿರಿ. ಗಾಡಿಗೆ ಕೂರಿಸಿದ ಮೇಲೆ ತೆಗೆಯಲು ಹೊರಟರೆ ದಿನವಿಡೀ ಪೆಡಲ್ ತುಳಿದದ್ದೇ ಬಂತು.

ಮೂರೂ ರಬ್ಬರ್ ಹೋಸ್‌ಗಳನ್ನು ಹೊರಗಿನಿಂದ ಚೆನ್ನಾಗಿ ಕಂಡರೂ ಎಸೆಯಿರಿ. ಹಳೆಯದರ ಒಳಗೋಡೆ ಊದಿಕೊಂಡು ಬ್ರೇಕ್ ಆಯಿಲನ್ನು ಹೋಗಲು ಬಿಡುತ್ತದೆ, ಹಿಂದಿರುಗಲು ಬಿಡುವುದಿಲ್ಲ. ಕಾಲು ತೆಗೆದರೂ ಆ ಚಕ್ರ ಕಚ್ಚಿಕೊಂಡೇ ಇರುತ್ತದೆ.

ಡ್ರಮ್ ಒಳಗಿನ ಧೂಳನ್ನು ಕಂಪ್ರೆಸರ್‌ನಿಂದ ಊದಬಾರದು, ಹಳೆಯ ಲೈನಿಂಗ್‌ನಲ್ಲಿ (ಶೂ ಮೇಲಿನ ಉಜ್ಜುವ ಪದರ) ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ. ನೆನೆಸಿಯೇ ತೊಳೆದೆ. ಲೇಥ್‌ಗೆ ಕೊಟ್ಟರೆ ಒಳವ್ಯಾಸ 11.060 ಇಂಚು ಮೀರದಿರಲಿ. ಡ್ರಮ್ಮಿಗೆ ಒಳಗಿನಿಂದ ಒತ್ತುವ ಶೂ ಜೋಡಿಸುವಾಗ ಗಿಡ್ಡ ಲೈನಿಂಗಿನದು ಗಾಡಿಯ ಮುಂದಕ್ಕೆ, ಉದ್ದದ್ದು ಹಿಂದಕ್ಕೆ. ಉಲ್ಟಾ ಆದರೆ ಹಿಡಿತ ಕಡಿಮೆಯಾಗಿ, ಗಿಡ್ಡದ್ದು ಬೇಗ ಸವೆಯುತ್ತದೆ. ಒಂದು ಬದಿ ಮುಗಿಸದೆ ಇನ್ನೊಂದನ್ನು ಬಿಚ್ಚಬೇಡಿ: ಶೂಗಳ ಅಂತರ ಹೊಂದಿಸುವ ನಕ್ಷತ್ರದ ಹಲ್ಲಿನ ಅಡ್ಜಸ್ಟರ್‌ಗಳಿಗೆ ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಮರೆ (ಸ್ಕ್ರೂ ಥ್ರೆಡ್). ಅದಲುಬದಲಾದರೆ ಶೂ ಹಿಗ್ಗುವ ಬದಲು ಕುಗ್ಗುತ್ತಾ ಹೋಗಿ ಪೆಡಲ್ ನೆಲ ಮುಟ್ಟುತ್ತದೆ.

ಪೆಡಲ್‌ನಲ್ಲಿ 1/16ರಿಂದ 1/4 ಇಂಚು ಖಾಲಿ ಆಟ ಬಿಟ್ಟೆ. ಅದಿಲ್ಲದಿದ್ದರೆ ಸಿಲಿಂಡರ್ ಒಳಗಿನ ಸಣ್ಣ ತೂತು ಮುಚ್ಚಿಕೊಂಡು, ಬಿಸಿಯಾದ ಆಯಿಲ್‌ಗೆ ಹಿಂದಿರುಗುವ ದಾರಿಯೇ ಇರುವುದಿಲ್ಲ. ಡಾಟ್ 3 ಆಯಿಲ್ ತುಂಬಿ, ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ, ಈ ಕ್ರಮದಲ್ಲಿ ಗಾಳಿ ತೆಗೆದೆ.

ಕೊನೆಗೆ ರಿವರ್ಸ್‌ನಲ್ಲಿ ಹತ್ತು-ಹನ್ನೆರಡು ಸಲ ಬ್ರೇಕ್ ಹಿಡಿದರೆ ಅಡ್ಜಸ್ಟರ್‌ಗಳು ತಾವೇ ಹೊಂದಿಕೊಳ್ಳುತ್ತವೆ. ಐದಾರು ಮೈಲಿ ಓಡಿಸಿ ಬಂದು ನಾಲ್ಕೂ ಡ್ರಮ್ ಬಳಿ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದೇ ಬದಿಯ ಮುಂಚಕ್ರ ಹೆಚ್ಚು ಕಾದಿದ್ದರೆ ಅಲ್ಲಿ ಅಡ್ಜಸ್ಟರ್ ಬಿಗಿಯಾಗಿದೆ, ಇಲ್ಲವೇ ಶೂ ತಳ್ಳುವ ವೀಲ್ ಸಿಲಿಂಡರ್ ಸಿಕ್ಕಿಹಾಕಿಕೊಂಡಿದೆ.