ನಮ್ಮ ಮನೆ ವೈರಿಂಗ್, ಅರ್ಧ ನಾನೇ ಮಾಡಿದ್ದು

ಉಡುಪಿ ಹತ್ತಿರದ ನಮ್ಮ ಹಂಚಿನ ಮನೆಯ ವೈರಿಂಗ್ ಅಪ್ಪನ ಕಾಲದ್ದು. ಮರದ ಪಟ್ಟಿ ಮೇಲೆ ವೈರು, ಪಿಂಗಾಣಿ ಫ್ಯೂಸು, ಹೆಸರಿಗೊಂದು ಅರ್ಥಿಂಗ್. ಎಸಿ ಹಾಕಲು ಹೊರಟಾಗ ಇದನ್ನೆಲ್ಲ ಕಿತ್ತು ಹೊಸ ವೈರಿಂಗ್ ನಾನೇ ಮಾಡಿಬಿಡೋಣ ಅನ್ನಿಸಿತು. ನಾಲ್ಕು ವರ್ಷದ ಹಿಂದೆ ಅಡುಗೆಮನೆಗೆ ಗ್ರೈಂಡರ್ ಪಾಯಿಂಟ್ ಎಳೆದವನು ನಾನೇ ಅಲ್ವಾ?

ಜಾಸ್ತಿ ಲೋಡ್ ಕೇಳಲು ಮೆಸ್ಕಾಂ ಆಫೀಸಿಗೆ ಹೋದಾಗ ಆ ಹುಮ್ಮಸ್ಸು ಇಳಿಯಿತು. ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಸಹಿ ಹಾಕಿದ ಕಂಪ್ಲೀಷನ್ ರಿಪೋರ್ಟ್ ಬೇಕು ಅಂದರು. ಮನೆಗೆ ಬಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮ ತೆಗೆದು ಓದಿದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಹಾಳಾದರೆ ಅದೇ ಅಳತೆಯದ್ದನ್ನು ನಾವೇ ಬದಲಿಸಬಹುದು. ಹೊಸ ಲೈನ್ ಎಳೆಯುವುದು, ಇದ್ದ ಲೈನನ್ನು ಬದಲಿಸುವುದು ಲೈಸೆನ್ಸ್ ಇದ್ದವರ ಕೆಲಸ. ಅಂದರೆ ನನ್ನ ಗ್ರೈಂಡರ್ ಪಾಯಿಂಟೇ ತಪ್ಪು.

ಕೊನೆಗೆ ಪರಿಚಯದ ಕಾಂಟ್ರಾಕ್ಟರ್ ಒಬ್ಬರು ಒಪ್ಪಿದರು. ಗೋಡೆ ಕೊರೆಯುವುದು, ಪೈಪು, ಬಾಕ್ಸು ನನ್ನದು. ವೈರ್ ಎಳೆಯುವುದು, ಜೋಡಿಸುವುದು ಪರ್ಮಿಟ್ ಇರುವ ಅವರ ವೈರ್‌ಮನ್‌ದು. ಮುರಕಲ್ಲಿನ ಗೋಡೆ ಕೊರೆಯಲು ಸುಲಭ, ಆದರೆ ಅಂಚು ಉದುರಿ ಒಂದಿಂಚಿನ ಜಾಗ ಮೂರಿಂಚು ಆಗುತ್ತದೆ, ಸಿಮೆಂಟ್ ಖರ್ಚು ಲೆಕ್ಕಕ್ಕಿಂತ ಜಾಸ್ತಿ ಬಂತು. ಲೈಟಿಗೆ 1.5, ಪ್ಲಗ್ಗಿಗೆ 2.5, ಎಸಿಗೆ 4 ಸ್ಕ್ವೇರ್ ಎಂಎಂ ವೈರು. ಬೇಸಿಗೆಯಲ್ಲಿ ನಮ್ಮ ಮಣ್ಣು ಒಣಗಿ ಕಲ್ಲಾಗುತ್ತದೆ, ಒಣ ಮಣ್ಣಿಗೆ ಕರೆಂಟು ಸರಿಯಾಗಿ ಇಳಿಯುವುದಿಲ್ಲ, ಹಾಗಾಗಿ ಅರ್ಥ್ ಗುಂಡಿಯನ್ನು ಬಚ್ಚಲ ನೀರು ಹೋಗುವ ತೆಂಗಿನಮರದ ಹತ್ತಿರ ತೋಡಿಸಿದರು.

"ಅಡುಗೆಮನೆ ಲೈನ್ ಕೂಡ ತೆಗೆಯುದಾ?" ಅಂತ ಕಾಂಟ್ರಾಕ್ಟರ್ ಕೇಳಿದರು. ಅದು ಹೊಸದು, ಇರಲಿ ಅಂದೆ.

ಕೊನೇ ದಿನ ಮೆಯಿನ್ ಆಫ್ ಮಾಡಿ, ಪ್ಲಗ್ಗೆಲ್ಲ ಬಿಚ್ಚಿ, ನ್ಯೂಟ್ರಲ್‌ಗಳನ್ನು (ಕರೆಂಟು ವಾಪಸ್ ಹೋಗುವ ಕಪ್ಪು ವೈರುಗಳನ್ನು) ಬೇರೆ ಮಾಡಿ, 500 ವೋಲ್ಟಿನ ಮೆಗ್ಗರ್, ಅಂದರೆ ವೈರಿನ ಸಿಪ್ಪೆಯಿಂದ ಕರೆಂಟು ಸೋರುತ್ತದಾ ಅಂತ ನೋಡುವ ಮೀಟರ್, ಹಚ್ಚಿದರು. ಸಿಪ್ಪೆಯ ತಡೆ ಕನಿಷ್ಠ ಒಂದು ಮೆಗಾಓಮ್ ಬರಬೇಕು. ಹೊಸ ಲೈನ್‌ಗಳೆಲ್ಲ ಪಾಸ್. ಅಡುಗೆಮನೆಯ ನ್ಯೂಟ್ರಲ್‌ಗೂ ಅರ್ಥ್‌ಗೂ ಹಚ್ಚಿದಾಗ ಮುಳ್ಳು ಸೊನ್ನೆಗೆ ಹೋಗಿ ಅಲ್ಲೇ ಕೂತಿತು.

"ಎಂತ ಮಾರಾಯ್ರೆ, ಇದು ನಿಮ್ಮ ಹೊಸದಾ?"

ಬಾಕ್ಸ್ ಬಿಚ್ಚಿದರೆ, ನಾನೇ ತಿರುಗಿಸಿದ ಉದ್ದದ ಸ್ಕ್ರೂ ಕಪ್ಪು ವೈರಿನ ಸಿಪ್ಪೆಯೊಳಗೆ ಇಳಿದಿತ್ತು. ಬಾಕ್ಸು ಕಬ್ಬಿಣದ್ದು, ಅರ್ಥಿಗೆ ಸೇರಿದ್ದು. ಗ್ರೈಂಡರಿನ ಕರೆಂಟಿನಲ್ಲಿ ಒಂದು ಪಾಲು ನಾಲ್ಕು ವರ್ಷ ಬಾಕ್ಸಿನ ದಾರಿಯಲ್ಲೇ ವಾಪಸ್ ಹೋಗುತ್ತಿತ್ತು. ಟೆಸ್ಟರ್ ಹಿಡಿದು ಎಷ್ಟೋ ಸಲ ನೋಡಿದ್ದೆ, ಫೇಸ್‌ನಲ್ಲಿ ಲೈಟ್ ಹತ್ತುತ್ತದೆ, ಬಾಕ್ಸಿನಲ್ಲಿ ಹತ್ತುವುದಿಲ್ಲ, ಎಲ್ಲ ಸರಿ ಅಂತ ಬಿಟ್ಟಿದ್ದೆ. ಇಂಥ ತಪ್ಪು ಟೆಸ್ಟರ್‌ಗೆ ಸಿಗುವುದಿಲ್ಲ. ಹಳೇ ಫ್ಯೂಸಿಗೂ ಸಿಗುವುದಿಲ್ಲ, ಯಾಕೆಂದರೆ ಕರೆಂಟು ಜಾಸ್ತಿ ಏನೂ ಹರಿಯುತ್ತಿಲ್ಲ, ದಾರಿ ಮಾತ್ರ ತಪ್ಪಿದೆ. ಹೊಸ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇದೆ, ಹೋಗುವ ಕರೆಂಟಿಗೂ ವಾಪಸ್ ಬರುವುದಕ್ಕೂ ಅಷ್ಟು ವ್ಯತ್ಯಾಸ ಬಂದರೆ ಅದು ತಾನೇ ಬಿದ್ದು ಲೈನ್ ಆಫ್ ಮಾಡುತ್ತದೆ. ಆ ಲೈನನ್ನು ಹಾಗೇ ಜೋಡಿಸಿದ್ದರೆ ದೋಸೆ ಹಿಟ್ಟು ಅರೆಯುವಾಗೆಲ್ಲ ಮನೆಯಿಡೀ ಕತ್ತಲಾಗಿ, ನಾನು ಖಂಡಿತ ಆರ್‌ಸಿಸಿಬಿಯನ್ನೇ ಬೈಯುತ್ತಿದ್ದೆ.

ಆ ಲೈನ್ ಪೂರ್ತಿ ಕಿತ್ತು ಹೊಸದಾಗಿ ಎಳೆದು, ಮತ್ತೆ ಮೆಗ್ಗರ್ ಹಚ್ಚಿದ ಮೇಲೆಯೇ ಅವರು ರಿಪೋರ್ಟಿಗೆ ಸಹಿ ಹಾಕಿದ್ದು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡುವ ಕೆಲಸ ಅಮ್ಮ ವಹಿಸಿಕೊಂಡಿದ್ದಾರೆ. ಪ್ರತಿ ಸಂಕ್ರಾಂತಿಗೆ ಒತ್ತುತ್ತಾರೆ, ಹೇಳದೆ ಕೇಳದೆ, ನಾನು ಕಂಪ್ಯೂಟರ್ ಮುಂದೆ ಕೂತಿರುವಾಗಲೇ.