ಸ್ಪ್ಯಾನಿಷ್ ತರಗತಿಗೆ ಸೇರುವ ಮುನ್ನ

ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೊರಟಿರುವವರು ಸ್ಪ್ಯಾನಿಷ್ ತೆಗೆದುಕೊಳ್ಳಬಹುದೇ ಎಂದು ಇಲ್ಲಿ ಆಗಾಗ ಕೇಳುತ್ತಾರೆ. ಖಂಡಿತ ತೆಗೆದುಕೊಳ್ಳಿ. ನಾನು ಎಡವಿದ ಕಡೆ ನೀವು ಎಡವಬಾರದೆಂದು ಇಷ್ಟು ಬರೆಯುತ್ತಿದ್ದೇನೆ.

ಮೊದಲು ಮಟ್ಟ ನಿರ್ಧರಿಸುವ ಪರೀಕ್ಷೆ ಇರುತ್ತದೆ. ಗೊತ್ತಿಲ್ಲದ ಪ್ರಶ್ನೆಗೆ ಊಹೆಯಿಂದ ಗುರುತು ಹಾಕಬೇಡಿ. ಹಾಗೆ ಅಂಕ ಗಿಟ್ಟಿಸಿ ಮೂರನೆಯ ಸೆಮಿಸ್ಟರಿನ ತರಗತಿಯಲ್ಲಿ ಕುಳಿತ ನಾನು ಎರಡು ವಾರ ಬಾಯಿ ಬಿಡಲಿಲ್ಲ. ತರಗತಿ ಬದಲಿಸಲು ಸಿಗುವುದು ಆರಂಭದ ಕೆಲವೇ ದಿನಗಳು. ಸಂಕೋಚಪಟ್ಟರೆ ಅವಧಿ ಮುಗಿದಿರುತ್ತದೆ.

ಕನ್ನಡಿಗರಿಗೆ ಒಂದು ಅನುಕೂಲವಿದೆ. ‘ಮೆ ಗುಸ್ತಾ ಎಲ್ ಕಾಫೆ’ ಎಂಬ ವಾಕ್ಯ ಇಂಗ್ಲಿಷಿನಲ್ಲಿ ಯೋಚಿಸುವವರನ್ನು ಸುಸ್ತು ಮಾಡುತ್ತದೆ. ನಮಗೆ ಅದು ‘ನನಗೆ ಕಾಫಿ ಇಷ್ಟ’, ಅಷ್ಟೇ. ‘ತ’ಕಾರವೂ ನಮ್ಮದೇ, ಅಲ್ಲಿ ಇಂಗ್ಲಿಷಿನ ‘ಟ’ ತಂದರೆ ಕೆಟ್ಟಿತು. ಲಿಂಗದ ವಿಷಯದಲ್ಲಿ ಮಾತ್ರ ಕನ್ನಡ ಕೈಕೊಡುತ್ತದೆ. ಮೇಜು ಏಕೆ ಸ್ತ್ರೀಲಿಂಗ, ಪುಸ್ತಕ ಏಕೆ ಪುಲ್ಲಿಂಗ ಎಂದು ಕೇಳಿ ಫಲವಿಲ್ಲ. ‘ಲಾ ಮೇಸಾ’, ‘ಎಲ್ ಲಿಬ್ರೋ’ ಎಂದು ಜೋಡಿಯಾಗಿಯೇ ಕಲಿಯಿರಿ.

ಭಾಷಾ ವಿಭಾಗದವರು ಸಂಭಾಷಣಾ ಕೂಟ ನಡೆಸುತ್ತಿದ್ದರೆ ತಪ್ಪಿಸಬೇಡಿ. ಆದರೆ ಬರಿಗೈಯಲ್ಲಿ ಹೋಗಬೇಡಿ, ಯಾವುದಾದರೂ ಒಂದು ವಿಷಯದ ಮೇಲೆ ಐದು ವಾಕ್ಯ ಸಿದ್ಧವಿರಲಿ. ನಾನು ಬಿಸಿಬೇಳೆಬಾತ್ ಮಾಡುವ ವಿಧಾನ ಹೇಳಹೊರಟು ಹುಣಸೆಹಣ್ಣಿನ ಬಳಿ ತಡವರಿಸಿದೆ. ಮೆಕ್ಸಿಕೋದ ಸಹಪಾಠಿ ‘ತಮರಿಂದೋ’ ಎಂದು ಕೈಹಿಡಿದಳು. ಮುಂದೆ ಅರ್ಧ ಗಂಟೆ ಹುಣಸೆಯದೇ ಮಾತು.

ಇನ್ನೊಂದು, ಹುರುಪಿನಲ್ಲಿ ಅದೇ ವರ್ಷ ಇಟಾಲಿಯನ್ ಕೂಡ ಶುರು ಮಾಡಬೇಡಿ. ಎರಡೂ ಕಲಸುಮೇಲೋಗರವಾಗುತ್ತವೆ.